ಸೊಪ್ಪಿನ ಬೆಟ್ಟ ಮತ್ತೆ ಕಾಡಾಯಿತು, ತೋಟಕ್ಕೆ ಸೊಪ್ಪೂ ತಪ್ಪಲಿಲ್ಲ

‘ಬೆಟ್ಟ ಕಾಯ್ದುಕೊಂಡು ಕೂತರೆ ತೋಟಕ್ಕೆ ಸೊಪ್ಪೆಲ್ಲಿಂದ ತರ್ತೀರಿ?’ ಶಿರಸಿ, ಸಿದ್ದಾಪುರದ ಕಡೆ ಬೆಟ್ಟದ ಮಾತೆತ್ತಿದರೆ ಸಾಕು, ಮೊದಲು ಬರುವ ಪ್ರಶ್ನೆ ಇದೇ. ಬೆಟ್ಟವೆಂದರೆ ಇಲ್ಲಿ ಅಡಿಕೆ ತೋಟಕ್ಕೆ ಸೊಪ್ಪು, ತರಗೆಲೆ ತರಲು ಬಿಟ್ಟಿರುವ ಸರ್ಕಾರದ ಕಾಡು. ನಮ್ಮದು ಎಂಟು ಎಕರೆ. ಹತ್ತು ಹನ್ನೆರಡು ವರ್ಷದ ಹಿಂದೆ ಅಲ್ಲಿದ್ದದ್ದು ತಲೆ ಬೋಳಿಸಿದ ಮತ್ತಿ ಮರಗಳು, ಕಡಿದ ಮೋಟುಗಳು, ನಡುವೆ ಆಳೆತ್ತರದ ಯುಪಟೋರಿಯಂ ಕಳೆ, ಮೇಲ್ತುದಿಯಲ್ಲಿ ಒಂದಿಷ್ಟು ಅಕೇಶಿಯಾ. ಈಗ ಮತ್ತಿ, ಹೊನ್ನೆ, ನಂದಿ, ಕಿಂದಳದ ತಲೆಗಳು ಒಂದಕ್ಕೊಂದು ಕೂಡಿವೆ. ಮೊದಲ ಕೆಲವು ವರ್ಷ ಬಿಟ್ಟರೆ ತೋಟಕ್ಕೆ ಸೊಪ್ಪು ಒಂದು ಹೊರೆಯೂ ಕಡಿಮೆ ಬಿದ್ದಿಲ್ಲ. ಆಗ ನಕ್ಕವರೇ ಈಗ ದನ ತಡೆಯಲು ಸುತ್ತ ತೋಡಿಸಿದ ಅಗಳದ (ಕಂದಕದ) ಅಳತೆ ಕೇಳುತ್ತಿದ್ದಾರೆ.

ಮೊದಲು ಎಲ್ಲರೂ ಮಾಡುವುದನ್ನೇ ಮಾಡಿದ್ದಾಯಿತು: ನರ್ಸರಿ ಗಿಡ ತಂದು ಎಕರೆಗೆ ಸುಮಾರು 400ರಂತೆ ನೆಟ್ಟದ್ದು. ಗಿಡ, ಗುಂಡಿ, ಸಾಗಾಟ, ಕೂಲಿ ಸೇರಿ ಒಂದು ಗಿಡಕ್ಕೆ 60 ರೂಪಾಯಿ ಬಿದ್ದಿರಬಹುದು. ಎರಡು ಬೇಸಿಗೆ ಕಳೆಯುವಾಗ ಕಾಲು ಭಾಗವೂ ಉಳಿದಿರಲಿಲ್ಲ. ದನ ತಿಂದದ್ದು ಕಣ್ಣಿಗೆ ಕಾಣುತ್ತದೆ. ಹೆಚ್ಚು ಸತ್ತದ್ದು ಮಾತ್ರ ಫೆಬ್ರುವರಿಯ ಒಣಗಿಗೆ. ಸಣ್ಣ ಚೀಲದಲ್ಲಿ ಬೇರು ಸುರುಳಿ ಸುತ್ತಿಕೊಂಡ ಗಿಡವನ್ನು ಆಗಸ್ಟಿನಲ್ಲಿ ನೆಟ್ಟರೆ ಬೇರು ಕೆಳಗಿನ ತಂಪು ಮುಟ್ಟುವುದಕ್ಕೆ ಮೊದಲೇ ಮಳೆ ಹೋಗಿರುತ್ತದೆ. ಅಷ್ಟರ ನಡುವೆ ತಾನಾಗಿ ಹುಟ್ಟಿದ ಸಸಿ ಮತ್ತು ಮೋಟಿನ ಚಿಗುರು ಮಾತ್ರ ಏನೂ ಆಗದ ಹಾಗೆ ನಿಂತಿದ್ದವು. ಆಮೇಲೆ ದುಡ್ಡೆಲ್ಲ ಅವುಗಳನ್ನು ಕಾಯುವುದಕ್ಕೆ ಹೋಯಿತು.

ದೊಡ್ಡ ಖರ್ಚು ಅಗಳದ್ದು. ಬೆಟ್ಟ ಸರ್ಕಾರದ್ದು, ನಮಗಿರುವುದು ಸೌಲಭ್ಯ ಮಾತ್ರ. ಹಾಗಾಗಿ ಜೆಸಿಬಿ ಒಳಗೆ ಇಳಿಸುವ ಮೊದಲು ಅರಣ್ಯ ಇಲಾಖೆಯ ಒಪ್ಪಿಗೆ ಬೇಕು. ಸುತ್ತಳತೆ 900 ಮೀಟರ್ ಆಸುಪಾಸು, ಮೇಲೆ ಐದಡಿ ಅಗಲ, ಮೂರೂವರೆ ಅಡಿ ಆಳ. ಜಂಬಿಟ್ಟಿಗೆ ಕಲ್ಲು ಸಿಕ್ಕಲ್ಲಿ ತಾಸಿಗೆ 15 ಮೀಟರ್ ದಾಟುವುದಿಲ್ಲ. ಆಗ ಒಟ್ಟು ತಗುಲಿದ್ದು 60 ಸಾವಿರ ಚಿಲ್ಲರೆ. ಇಳಿಜಾರಿನ ಗುಂಟ ಅಗಳ ಒಂದೇ ಸಮ ತೆಗೆಸಿದರೆ ಆಷಾಢದಲ್ಲಿ ಅದು ಹಳ್ಳವಾಗುತ್ತದೆ, ಬದಿ ಕುಸಿಯುತ್ತದೆ, ಕುಸಿದ ಜಾಗದಲ್ಲೇ ದನ ದಾಟುತ್ತದೆ. ನಾಲ್ಕೈದು ಮೀಟರಿಗೊಂದು ಕಡೆ ಎರಡಡಿ ಮಣ್ಣು ಅಗೆಯದೆ ಬಿಡಬೇಕು. ಆ ತಡೆ ದಂಡೆಗಿಂತ ಒಂದಡಿ ತಗ್ಗಿರಲಿ; ನೀರು ನಿಂತು ಇಂಗುತ್ತದೆ, ಹೆಚ್ಚಾದದ್ದು ಮೇಲಿಂದ ದಾಟಿ ಹೋಗುತ್ತದೆ. ತೆಗೆದ ಮಣ್ಣನ್ನು ಒಳಬದಿಗೆ ಹಾಕಿಸಿ ಮೊದಲ ಮಳೆಗೇ ಕೌಳಿ ಎಂಬ ಮುಳ್ಳು ಪೊದೆಯ ಬೀಜ ಚೆಲ್ಲಿ, ನಡುನಡುವೆ ಕತ್ತಾಳೆ ಕೂರಿಸಿ. ಮೂರನೇ ವರ್ಷಕ್ಕೆ ಅಗಳ ತುಂಬಿದರೂ ಮುಳ್ಳಿನ ಬೇಲಿ ಎದ್ದಿರುತ್ತದೆ. ತಂತಿ ಬೇಲಿಯ ಲೆಕ್ಕ ಕೇಳಿದವರಿಗೆ ನನ್ನ ಉತ್ತರ ಒಂದೇ: ಕಂಬ ಕದಿಯುತ್ತಾರೆ, ಕೌಳಿ ಯಾರೂ ಕದಿಯುವುದಿಲ್ಲ.

ಬೆಂಕಿ ಒಳಗೆ ನುಗ್ಗದಂತೆ ಬೆಟ್ಟದ ಸುತ್ತ ಬೆಂಕಿ ರೇಖೆ ಒಂದು ಸಲ ಗುಡಿಸಿದರೆ ಸಾಲದು. ಡಿಸೆಂಬರ್ ಕೊನೆಗೆ ಹತ್ತಡಿ ಅಗಲ ಕೆತ್ತಿ ಗುಡಿಸಿದ ರೇಖೆಯ ಮೇಲೆ ಫೆಬ್ರುವರಿಯಲ್ಲಿ ಮತ್ತಿ, ಕಿಂದಳದ ಎಲೆ ಮತ್ತೆ ಹಾಸಿಕೊಳ್ಳುತ್ತದೆ. ಎರಡನೇ ಸಲ ಗುಡಿಸದಿದ್ದರೆ ಮೊದಲ ಕೂಲಿಯೂ ದಂಡ. ವರ್ಷಕ್ಕೆ ಹತ್ತು ಸಾವಿರ ಇದಕ್ಕೇ ಎತ್ತಿಡಿ. ಗುಡಿಸಿದ ದರಕು (ತರಗೆಲೆ) ಕೊಟ್ಟಿಗೆಗೆ ಬರುವುದರಿಂದ ಅರ್ಧ ವಸೂಲು.

ಕಳೆಯ ಕೆಲಸದಲ್ಲಿ ಹೆಚ್ಚು ಸಸಿ ಸಾಯುವುದು ಕತ್ತಿಯಿಂದ. ಎಕರೆಗಿಷ್ಟು ಎಂದು ಗುತ್ತಿಗೆ ಕೊಟ್ಟರೆ ಯುಪಟೋರಿಯಂ ಜೊತೆ ಹೊನ್ನೆ ಸಸಿಯೂ ನೆಲಸಮ. ದಿನಗೂಲಿಯೇ ಸರಿ, ಅದಕ್ಕೂ ಮೊದಲು ಗುರುತು ಹಾಕುವ ಕೆಲಸ. ಸೆಪ್ಟೆಂಬರಿನಲ್ಲಿ ಒಬ್ಬರು ಮುಂದೆ ಹೋಗಿ ಪ್ರತಿ ಸಸಿಯ ಪಕ್ಕ ಬಿದಿರ ಕಡ್ಡಿ ಊರಿ ಹಳೇ ಸೀರೆಯ ಕೆಂಪು ಚೂರು ಕಟ್ಟಬೇಕು. ಹಸಿರು, ಹಳದಿ ಬಟ್ಟೆ ಎಲೆಯಲ್ಲಿ ಕಳೆದುಹೋಗುತ್ತದೆ. ಕಡ್ಡಿಯ ಸುತ್ತ ಒಂದು ಮೀಟರ್ ಬೇರು ಸಹಿತ ಕಿತ್ತು, ಕಿತ್ತದ್ದನ್ನು ಅಲ್ಲೇ ಮುಚ್ಚಿಗೆ ಮಾಡಬೇಕು. ಉಳಿದ ಜಾಗದ ಯುಪಟೋರಿಯಂ ಮುಟ್ಟಬೇಡಿ, ಬರೀ ತುಳಿದು ಮಲಗಿಸಿ. ಎಲ್ಲ ಸವರಿದರೆ ಬಿಸಿಲು ನೆಲಕ್ಕೆ ಬಿದ್ದು ದುಪ್ಪಟ್ಟಾಗಿ ಏಳುತ್ತದೆ. ಹೂ ಬಿಟ್ಟ ಮೇಲೆ ಕಡಿಯುವುದೆಂದರೆ ಬೀಜ ಬಿತ್ತಿದ ಹಾಗೆ. ನೆತ್ತಿಯ ನೆರಳು ಕೂಡಿದರೆ ಅದು ತಾನೇ ಸಾಯುತ್ತದೆ, ನಮಗೆ ಐದಾರು ವರ್ಷ ಹಿಡಿಯಿತು. ಲಂಟಾನ ಮಾತ್ರ ಹಾಗಲ್ಲ, ಬುಡದ ಗಂಟಿನ ಎರಡಿಂಚು ಕೆಳಗೆ ಪಿಕಾಸಿ ಹಾಕಿ ಬೇರು ಕಡಿದು, ಬುಡ ಮೇಲಾಗಿ ನಿಲ್ಲಿಸಿ ಒಣಗಿಸಬೇಕು.

ಮೋಟಿನಲ್ಲಿ ಹತ್ತು ಹದಿನೈದು ಚಿಗುರು ಬರುತ್ತವೆ. ಎರಡನೇ ವರ್ಷ ಮೂರಕ್ಕೆ ಇಳಿಸಿ, ನಾಲ್ಕನೇ ವರ್ಷ ಒಂದಕ್ಕೆ. ಉಳಿಸುವುದು ನೆಲಕ್ಕೆ ಹತ್ತಿರದ್ದು. ಮೇಲಿನದು ಗಾಳಿಗೆ ಸೀಳುತ್ತದೆ.

ಈಗ ಸೊಪ್ಪಿನ ಮಾತು. ಬೆಟ್ಟವನ್ನು ಮೂರು ಪಾಲು ಮಾಡಿ ವರ್ಷಕ್ಕೊಂದು ಪಾಲು ಕಡಿಯುವುದು, ಮರದ ಮೇಲಿನ ಮೂರನೇ ಒಂದು ಭಾಗ ಎಂದೂ ಮುಟ್ಟದಿರುವುದು. ಮೊದಲ ನಾಲ್ಕು ವರ್ಷ ಕೊರತೆ ಬಿದ್ದದ್ದು ನಿಜ. ಅಡಿಕೆ ಸೋಗೆ, ಹಾಳೆ ಕತ್ತರಿಸಿ ಹಾಕಿದೆವು, ತೋಟದ ಅಂಚಿಗೆ ಸೊಪ್ಪಿಗಾಗಿ ಗ್ಲಿರಿಸಿಡಿಯಾ ಗಿಡ ಏಳಿಸಿದೆವು. ಆಮೇಲೆ ಒಂದು ಪಾಲಿನಲ್ಲೇ ಮೊದಲು ಇಡೀ ಬೆಟ್ಟದಲ್ಲಿ ಸಿಗುತ್ತಿದ್ದಷ್ಟು ಸಿಗತೊಡಗಿತು. ದರಕನ್ನೂ ಅರ್ಧ ಬಿಟ್ಟೇ ಗುಡಿಸಬೇಕು, ಬೀಜ ಮೊಳೆಯುವುದು ಅದರಡಿಯಲ್ಲೇ.

ಖಾಲಿ ಜಾಗಕ್ಕೆ ಮಾತ್ರ ಗಿಡ ನೆಟ್ಟದ್ದು, ಎಕರೆಗೆ 60ರಿಂದ 70. ದೊಡ್ಡ ಚೀಲದ ಎರಡು ವರ್ಷದ ಗಿಡ, ಜೂನ್ ಎರಡನೇ ವಾರದ ಒಳಗೆ. ನೇರಳೆ, ರಾಮಪತ್ರೆ ಬೀಜ ಮನೆಯಲ್ಲಿ ಒಣಗಿಸಿ ಇಟ್ಟರೆ ಸತ್ತಿತು, ಸಿಕ್ಕ ವಾರದಲ್ಲೇ ಹಾಕಿ. ಹುಳಿ ಹಣ್ಣಿನ ಮರವಾದ ಉಪ್ಪಾಗೆಯ ಬೀಜ ಹಾಗೇ ಹಾಕಿದರೆ ಐದಾರು ತಿಂಗಳು ಮಲಗಿರುತ್ತದೆ. ಅದನ್ನು ಬೇಗ ಎಬ್ಬಿಸುವ ಪಟ್ಟು ಒಂದಿದೆ, ಮನೆಗೆ ಬಂದವರಿಗೆ ಕೈಯಲ್ಲೇ ತೋರಿಸುವೆ, ಇಲ್ಲಿ ಬರೆಯುವುದಿಲ್ಲ. ತಾಳೆ ಜಾತಿಯ ಬೈನೆಯನ್ನು ನಾವು ಬೀಜ ಹಾಕಿ ಬೆಳೆಸಲೇ ಇಲ್ಲ. ಬೈನೆ ಹಣ್ಣು ತಿನ್ನುವ ಕಬ್ಬೆಕ್ಕು (ಪುನುಗಿನ ಜಾತಿಯ ಪ್ರಾಣಿ) ಬಂಡೆಯ ಮೇಲೆ ಹಿಕ್ಕೆ ಹಾಕುವ ಜಾಗ ನೋಡಿಟ್ಟುಕೊಳ್ಳಿ. ತೊಳೆದಿಟ್ಟಂತಹ ಬೈನೆ ಬೀಜದ ರಾಶಿ ಅಲ್ಲಿರುತ್ತದೆ, ಸಂದಿಯಲ್ಲಿ ಹತ್ತಾರು ಮೊಳಕೆ. ಎರಡೆಲೆ ಆದಾಗ ಮಣ್ಣು ಸಹಿತ ಎತ್ತಿ ಕೂರಿಸಿದರೆ ಆಯಿತು.

ಅಕೇಶಿಯಾವನ್ನು ಬೈಯುವವರೇ ಎಲ್ಲ. ಕಡಿಯುವುದಕ್ಕೆ ಪರವಾನಗಿ ಬೇಕು, ಕಾಯುತ್ತಾ ಕೂರುವ ಬದಲು ಅದರ ನೆರಳಲ್ಲೇ ಮುರುಗಲು (ಕೋಕಂ), ಉಪ್ಪಾಗೆ ಹಾಕಿ ನೋಡಿದೆವು. ಕೊಳೆಯದ ಅದರ ಎಲೆಯ ಹಾಸು ಎರಡಡಿ ಸುತ್ತ ಸರಿಸಿದ ಕಡೆ ಚೆನ್ನಾಗಿ ಎದ್ದಿವೆ, ಸರಿಸದ ಕಡೆ ಬೇರು ಹಾಸಿನಲ್ಲೇ ಹರಡಿಕೊಂಡು ಬೇಸಿಗೆಗೆ ಹೋದವು. ಹಣ್ಣಿನ ಮರ ಎಂದರೆ ನಮ್ಮ ಆದಾಯ ಅಷ್ಟೇ ಅಲ್ಲ: ಅಘನಾಶಿನಿ ಕಣಿವೆಯ ಸಿಂಗಳೀಕ ಉಪ್ಪಾಗೆ ತಿನ್ನುತ್ತದೆ. 2011ರಲ್ಲಿ ಅಲ್ಲಿ ಸಂರಕ್ಷಣಾ ಮೀಸಲು ಘೋಷಣೆಯಾದದ್ದು ಮುಖ್ಯವಾಗಿ ಆ ಸಿಂಗಳೀಕಕ್ಕಾಗಿ. ಹಸಿ ಕಾಯಿಗೆ ಕೊಂಬೆ ಕಡಿಯುವವರನ್ನು ಬೆಟ್ಟಕ್ಕೆ ಬಿಡಬೇಡಿ, ಹಣ್ಣಾಗಿ ಬಿದ್ದದ್ದನ್ನೇ ಆರಿಸಿ.

ಕಾರ್ಬನ್ ದುಡ್ಡು, ಅಂದರೆ ಮರ ಹೀರಿಟ್ಟ ಇಂಗಾಲಕ್ಕೆ ಬೆಲೆ, ಕೊಡಿಸುತ್ತೇವೆಂದು ಬರುವವರಿದ್ದಾರೆ. ಒಣ ಮರದ ತೂಕದಲ್ಲಿ ಸುಮಾರು ಅರ್ಧ ಇಂಗಾಲ, ಒಂದು ಟನ್ ಇಂಗಾಲವೆಂದರೆ 3.67 ಟನ್ ಇಂಗಾಲದ ಡೈಆಕ್ಸೈಡ್, ಲೆಕ್ಕವೇನೋ ಸರಿ. ಆದರೆ ಸರ್ಕಾರದ ನೆಲಕ್ಕೆ ನಾವು ಸಹಿ ಹಾಕಿದರೆ ಅದಕ್ಕೆ ಬೆಲೆಯಿಲ್ಲ, ಮುಂಗಡ ‘ನೋಂದಣಿ ಶುಲ್ಕ’ ಕೇಳಿದರೆ ಕೊಡಬೇಡಿ. ಅಳತೆ ಬೇಕಿದ್ದರೆ ದರ್ಜಿ ಟೇಪು ಸಾಕು: ನೆಲದಿಂದ ನಾಲ್ಕೂಕಾಲು ಅಡಿ ಎತ್ತರದಲ್ಲಿ ಬಣ್ಣದ ಗೆರೆ ಎಳೆದು, ಪ್ರತಿ ಜನವರಿ ಅದೇ ಗೆರೆಯ ಮೇಲೆ ಸುತ್ತಳತೆ ಬರೆದಿಡಿ. ಗೆರೆ ಇಲ್ಲದೆ ಅಳೆದರೆ ಒಂದು ವರ್ಷ ಮರ ದಪ್ಪಗಾಗಿರುತ್ತದೆ, ಮರುವರ್ಷ ತೆಳ್ಳಗಾಗಿರುತ್ತದೆ!