ವೈಫೈ ಸಿಗ್ನಲ್ ಫುಲ್, ನೆಟ್ ಮಾತ್ರ ಇಲ್ಲ ಅಂದಾಗ
ವೈಫೈ ಕೈಕೊಟ್ಟಾಗ ನಾನು ಫೋನ್ ಕೆದಕೋದಿಲ್ಲ, ಮೊದಲು ರೌಟರ್ ದೀಪ ನೋಡ್ತೀನಿ. ಫೈಬರ್ ಸಂಪರ್ಕದಲ್ಲಿ ‘ಲಾಸ್’ (LOS) ದೀಪ ಕೆಂಪಗೆ ಮಿಣುಕ್ತಿದ್ದರೆ ಬೆಳಕೇ ಮನೆಗೆ ಬರ್ತಿಲ್ಲ ಅಂತರ್ಥ. ಸೀದಾ ದೂರು ಕೊಡಿ. ಇಲ್ಲದಿದ್ದರೆ ರೌಟರ್‌ನಿಂದ ಲ್ಯಾಪ್‌ಟಾಪ್‌ಗೆ ಲ್ಯಾನ್ ಕೇಬಲ್ ಸಿಕ್ಕಿಸಿ. ಅದರಲ್ಲಿ ನೆಟ್ ಸರಾಗವಾಗಿ ಓಡಿದರೆ ತಕರಾರು ವೈಫೈನದೇ.

ಆಗ ಬ್ಯಾಂಡ್, ಅಂದ್ರೆ ವೈಫೈ ಬಳಸೋ ರೇಡಿಯೋ ಅಲೆಗಳ ಪಟ್ಟಿ, ಬದಲಿಸಿ ನೋಡಿ. 5 ಗಿಗಾಹರ್ಟ್ಸ್ ವೇಗ ಜಾಸ್ತಿ, ಗೋಡೆ ಅಡ್ಡ ಬಂದರೆ ಸುಸ್ತು. 2.4 ದೂರ ಹೋಗುತ್ತೆ, ಆದರೆ ಪಕ್ಕದ ಮನೆಯವರ ರೌಟರ್, ಬ್ಲೂಟೂತ್, ಮೈಕ್ರೋವೇವ್ ಓವನ್ ಎಲ್ಲದರ ಗಲಾಟೆಯೂ ಅಲ್ಲೇ. ಬ್ಯಾಂಡ್ ಒಳಗಿನ ದಾರಿಗಳೇ ಚಾನೆಲ್‌ಗಳು. ಅದನ್ನ ರೌಟರೇ ಆರಿಸೋ ‘ಆಟೋ’ ಮೇಲೆ ನನಗೆ ಅಷ್ಟೇನೂ ನಂಬಿಕೆಯಿಲ್ಲ. 2.4ರಲ್ಲಿ ಒಂದರ ಮೇಲೊಂದು ಬೀಳದ 1, 6, 11ನೇ ಚಾನೆಲ್‌ಗಳ ಪೈಕಿ ಖಾಲಿ ಇರೋದನ್ನ ನಾನೇ ಆರಿಸ್ತೀನಿ. ರೌಟರನ್ನ ಟಿವಿ ಹಿಂದೆ ಬಚ್ಚಿಡಬೇಡಿ. ರೀಸ್ಟಾರ್ಟ್ ಮಾಡಿ, ಪರವಾಗಿಲ್ಲ. ರೀಸೆಟ್ ಗುಂಡಿಗೆ ಪಿನ್ ಚುಚ್ಚಿದರೆ ಸೆಟ್ಟಿಂಗ್ಸ್ ಎಲ್ಲ ಅಳಿಸಿಹೋಗುತ್ತೆ.