ಅನ್ಯೂರಿಸಂ ರೋಗಿಗಳ ವಿವರ ನಾನು ಸಂಗ್ರಹಿಸಿದ ಬಗೆ

ಅರವತ್ತು ಕಾಲಂನ ಎಕ್ಸೆಲ್ ಹಾಳೆಯನ್ನು ಯಾವ ರೆಸಿಡೆಂಟ್ ಡಾಕ್ಟರೂ ತುಂಬಲ್ಲ. ಬೆಂಗಳೂರಿನ ನಮ್ಮ ನ್ಯೂರೋಸರ್ಜರಿ ವಿಭಾಗದಲ್ಲೂ ಅದೇ ಕಥೆ. ಅನ್ಯೂರಿಸಂ (ಮೆದುಳಿನ ರಕ್ತನಾಳ ಬಲೂನಿನಂತೆ ಉಬ್ಬಿದ ಜಾಗ) ಎಲ್ಲಿದೆ, ಎಷ್ಟು ಮಿಲಿಮೀಟರ್, ಫಿಶರ್ ಗ್ರೇಡ್ (ಅದು ಒಡೆದಾಗ ಮೆದುಳಿನ ಸುತ್ತ ಎಷ್ಟು ರಕ್ತ ಹರಡಿದೆ ಅನ್ನೋ ಅಳತೆ) ಎಷ್ಟು, ಇವೆಲ್ಲ ಸ್ಕ್ಯಾನ್‌ನಲ್ಲೇ ಸಿಗುತ್ತವೆ. ಖಾಲಿ ಉಳಿಯುತ್ತಿದ್ದದ್ದು ಬಿಪಿ, ತಂಬಾಕು, ಮನೆತನದಲ್ಲಿ ಯಾರಿಗಾದರೂ ಇತ್ತಾ ಅನ್ನೋ ಕಾಲಂಗಳು.

ರಾತ್ರಿ ಎರಡಕ್ಕೆ ಕ್ಯಾಶುವಾಲ್ಟಿಯಲ್ಲಿ ನಿಂತ ಮಗನನ್ನು "ಅಮ್ಮ ತಂಬಾಕು ಹಾಕ್ತಾರಾ?" ಅಂತ ಕೇಳಿದರೆ "ಇಲ್ಲ ಸಾರ್" ಅಂತಾನೆ. ಅವನಿಗಿರೋ ಚಿಂತೆ ಕಾಯಿಲ್‌ಗೆ (ಅನ್ಯೂರಿಸಂ ಒಳಗೆ ತುಂಬಿ ಅದನ್ನು ಮುಚ್ಚೋ ಸಣ್ಣ ತಂತಿ ಸುರುಳಿ) ಎಷ್ಟು ಲಕ್ಷ, ಬಿಪಿಎಲ್ ಕಾರ್ಡ್ ನಡೆಯುತ್ತಾ ಅನ್ನೋದು.

ಅದಕ್ಕೇ ಎರಡು ಕಂತು ಮಾಡಿದೆ. ಮೊದಲ ದಿನ ಐದಾರು ಪ್ರಶ್ನೆ, ಅಷ್ಟೇ. ಅನ್ಯೂರಿಸಂ ಒಡೆದು ಬಂದವರು ವಾಸೋಸ್ಪಾಸಂ (ಮೆದುಳಿನ ರಕ್ತನಾಳ ಬಿಗಿದುಕೊಳ್ಳೋದು) ಭಯಕ್ಕೆ ಹೇಗೂ ಎರಡು ವಾರ ಇಲ್ಲೇ ಇರುತ್ತಾರಲ್ಲ. ಒಂದು ವಾರ ಬಿಟ್ಟು, ಸಂಜೆ ಅದಕ್ಕೆಂದೇ ಇರೋ ನಿಮೋಡಿಪಿನ್ ಔಷಧಿ ಕೊಡೋ ಹೊತ್ತಿಗೆ ಅಟೆಂಡರ್ (ರೋಗಿ ಜೊತೆಗಿರೋ ಮನೆಯವರು) ಪಕ್ಕ ಕೂರುತ್ತಿದ್ದೆ. ಕೋಲಾರದ ಕಡೆಯವರಾದರೆ ತೆಲುಗಿನಲ್ಲೇ ಮಾತು. ಆಗ ಸೊಸೆ ಬಾಯಿ ಬಿಡುತ್ತಾಳೆ: "ಅತ್ತೆ ದಿನಾ ಕಡ್ಡಿಪುಡಿ ಹಾಕ್ತಾರೆ, ಬಿಪಿ ಮಾತ್ರೆ ಬಿಟ್ಟು ತಿಂಗಳುಗಳೇ ಆಯ್ತು." ಆಸ್ಪತ್ರೆಗೆ ಬರೋ ಹಿಂದಿನ ವಾರವೂ ಜೋರು ತಲೆನೋವು ಬಂದಿತ್ತು, ಗ್ಯಾಸ್ಟ್ರಿಕ್ ಅಂದುಕೊಂಡು ಸುಮ್ಮನಿದ್ದರು ಅನ್ನೋದೂ ಆಗಲೇ ಗೊತ್ತಾಗೋದು. ಕಡ್ಡಿಪುಡಿಯನ್ನು ಬೀಡಿ, ಸಿಗರೇಟಿನ ಕಾಲಂಗೆ ಸೇರಿಸಬೇಡಿ. ಅನ್ಯೂರಿಸಂ ಒಡೆಯೋದಕ್ಕೆ ಗಟ್ಟಿ ಪುರಾವೆ ಇರೋದು ಸೇದೋದಕ್ಕೆ.

"ಇದೆಲ್ಲ ನಡೆಯಲ್ಲ" ಅಂತ ನಮ್ಮ ಸೀನಿಯರ್ ನಕ್ಕಿದ್ದರು. ಈಗ ಮುನ್ನೂರರ ಹತ್ತಿರ ರೋಗಿಗಳಿದ್ದಾರೆ, ತಂಬಾಕಿನ ಕಾಲಂ ಹೆಚ್ಚುಕಮ್ಮಿ ಪೂರ್ತಿ. ಹೆಂಗಸರು ಜಾಸ್ತಿ, ಐವತ್ತರ ಆಸುಪಾಸು, ಒಡೆದದ್ದರಲ್ಲಿ ಎಕಾಮ್ (ಮೆದುಳಿನ ಮುಂಭಾಗದ ಎರಡು ರಕ್ತನಾಳಗಳನ್ನು ಜೋಡಿಸೋ ಸಣ್ಣ ನಾಳ) ಮುಂದೆ. ಪುಸ್ತಕದಲ್ಲಿರೋದೇ ಬಂತು, ಆದರೆ ಈಗ ಇದು ನಮ್ಮ ಲೆಕ್ಕ. ಬೇರೆ ಕಾರಣಕ್ಕೆ ಎಂಆರ್‌ಐ ಮಾಡಿಸಿ ಸಿಕ್ಕಿಬಿದ್ದ, ಒಡೆಯದ ಅನ್ಯೂರಿಸಂಗಳಿಗೆ ಬೇರೆ ಹಾಳೆ ಇಟ್ಟೆ. ಬೆರೆಸಿದರೆ ಫಲಿತಾಂಶ ಸುಮ್ನೆ ಚೆನ್ನಾಗಿ ಕಾಣುತ್ತೆ.

ಅಮಾವಾಸ್ಯೆಗೆ ಕೇಸು ಜಾಸ್ತಿ ಅಂತ ಸಿಸ್ಟರ್‌ಗಳ ನಂಬಿಕೆ. ಪಂಚಾಂಗ ತಂದು ತಾಳೆ ಹಾಕಿದೆ, ಏನೂ ಇಲ್ಲ. ಡಿಸೆಂಬರ್ ಚಳಿಯನ್ನೂ ನೋಡಿದೆ, ಅದರಲ್ಲೂ ಹುರುಳಿಲ್ಲ.

ಆರು ತಿಂಗಳಿಗೆ ಎಂಆರ್‌ಎಸ್ (ರೋಗಿ ದಿನನಿತ್ಯದ ಕೆಲಸ ತಾವೇ ಎಷ್ಟು ಮಾಡಿಕೊಳ್ಳುತ್ತಾರೆ ಅನ್ನೋ ಅಳತೆ) ಕೇಳೋದು ಫೋನಿನಲ್ಲಿ. ಅದಕ್ಕೊಂದು ಬೇರೆ ಸಿಮ್, ವರ್ಷಕ್ಕೆ ಮೂರು ಸಾವಿರದಷ್ಟು, ನನ್ನ ಜೇಬಿನಿಂದ. ಆಸ್ಪತ್ರೆ ನಂಬರ್ ಕಂಡರೆ ಬಿಲ್ ಬಾಕಿ ಅಂತ ಹೆದರಿ ಯಾರೂ ಎತ್ತುತ್ತಿರಲಿಲ್ಲ. ಈಗ ಹತ್ತರಲ್ಲಿ ಎಂಟು ಜನ ಮಾತಾಡುತ್ತಾರೆ. ಎತ್ತಿದ ತಕ್ಷಣ ನಾನು ಏನು ಹೇಳ್ತೀನಿ ಅನ್ನೋದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ, ಪೇಪರ್ ಇನ್ನೂ ಕಳಿಸಿಲ್ಲ.