ಫ್ಲೈಟ್ ಸಿಮ್ಯುಲೇಟರ್ ಆಡುವಾಗ ಕಂಪ್ಯೂಟರ್ ಪಟ್ ಅಂತ ಆಫ್ ಆಗ್ತಿದ್ರೆ

ದೇವನಹಳ್ಳಿ ರನ್‌ವೇ ಕಣ್ಣೆದುರಿಗೇ ಇದೆ, ಚಕ್ರ ಇಳಿಸಿಯಾಗಿದೆ, ಅಷ್ಟರಲ್ಲಿ ಸ್ಕ್ರೀನ್ ಕಪ್ಪು. ನನಗೆ ಒಂದೇ ವಾರದಲ್ಲಿ ಮೂರು ಸಲ ಹೀಗಾಯ್ತು. ಗೇಮನ್ನೇ ಬೈದುಕೊಂಡು ಎರಡು ಸಲ ರೀಇನ್‌ಸ್ಟಾಲ್ ಮಾಡಿದ್ದು ದಂಡ.

ಗೇಮ್ ಮಾತ್ರ ಮುಚ್ಚಿ ಡೆಸ್ಕ್‌ಟಾಪ್ ಬಂದರೆ ಡ್ರೈವರ್, ಆಡ್-ಆನ್ ಕಡೆ ಹುಡುಕಿ. ಇಡೀ ಮಷಿನ್ ಆಫ್ ಆಗಿ, ವಿಂಡೋಸ್‌ನ ದಾಖಲೆ ಪುಸ್ತಕದಂತಿರೋ ಈವೆಂಟ್ ವ್ಯೂವರ್‌ನಲ್ಲಿ ‘ಕರ್ನಲ್-ಪವರ್ 41’ (ಸರಿಯಾಗಿ ಶಟ್‌ಡೌನ್ ಆಗದೆ ಆಫ್ ಆಗಿದೆ ಅನ್ನೋ ಗುರುತು) ಅಂತಿದ್ದರೆ ಬಿಸಿ ಅಥವಾ ಪವರ್ ಸಪ್ಲೈ ಮೇಲೆ ಅನುಮಾನ ಪಡಿ. ಬಿಸಿ ಅಳೆದು ತೋರಿಸೋ ಎಚ್‌ಡಬ್ಲ್ಯುಇನ್ಫೋ (HWiNFO) ಸಾಫ್ಟ್‌ವೇರ್‌ನಲ್ಲಿ ಲಾಗಿಂಗ್ ಆನ್ ಮಾಡಿ ಅರ್ಧ ಗಂಟೆ ಹಾರಿಸಿ. ಸಿಪಿಯು 95 ಡಿಗ್ರಿ ದಾಟಿ ಅಲ್ಲೇ ನಿಂತಿದ್ದರೆ ಕಳ್ಳ ಸಿಕ್ಕ ಹಾಗೆ.

ನನ್ನದನ್ನ ಬಿಚ್ಚಿದರೆ ಸಿಪಿಯು ಬಿಸಿ ಹೀರೋ ಲೋಹದ ಹೀಟ್‌ಸಿಂಕ್ ಸಂದಿಯಲ್ಲೆಲ್ಲ ದಿಂಬಿನ ಹತ್ತಿಯಂಥ ಧೂಳು! ಪ್ಲಗ್ ಕಿತ್ತು, ಬ್ಲೋವರ್ ಹಿಡಿಯುವಾಗ ಫ್ಯಾನ್ ರೆಕ್ಕೆಯನ್ನು ಬೆರಳಲ್ಲಿ ತಡೆದುಕೊಳ್ಳಿ. ಗಿರಗಿರ ಸುತ್ತಲು ಬಿಟ್ಟರೆ ಬೇರಿಂಗ್ ಹಾಳಾಗಬಹುದು. ಸಿಪಿಯು ಮತ್ತು ಹೀಟ್‌ಸಿಂಕ್ ಮಧ್ಯೆ ಬಿಸಿ ದಾಟಿಸೋ ಥರ್ಮಲ್ ಪೇಸ್ಟ್ ಒಣಗಿತ್ತು, ಅದನ್ನ ಒರೆಸಿ, ಬಟಾಣಿ ಕಾಳಿನಷ್ಟು ಹೊಸದು ಹಾಕಿದೆ. 97 ಡಿಗ್ರಿಯಲ್ಲಿದ್ದದ್ದು 81ಕ್ಕಿಳಿಯಿತು.

ಬಿಚ್ಚೋಕೆ ಧೈರ್ಯ ಇಲ್ವಾ? ಗೇಮ್ ಸೆಟ್ಟಿಂಗ್ಸ್‌ನಲ್ಲಿ ಫ್ರೇಮ್ ರೇಟ್ (ಸೆಕೆಂಡಿಗೆ ಮೂಡೋ ಚಿತ್ರಗಳ ಸಂಖ್ಯೆ) 30ಕ್ಕೆ ಕಟ್ಟಿಹಾಕಿ. ವಿಮಾನಕ್ಕೆ ಅಷ್ಟು ಸಾಕು, ಇದೇನು ಗುಂಡು ಹಾರಿಸೋ ಆಟ ಅಲ್ಲ. ಲ್ಯಾಪ್‌ಟಾಪ್ ಆದ್ರೆ ಪವರ್ ಆಪ್ಷನ್ಸ್‌ನಲ್ಲಿ ಮ್ಯಾಕ್ಸಿಮಮ್ ಪ್ರೊಸೆಸರ್ ಸ್ಟೇಟ್ ಶೇ. 99 ಮಾಡಿ ನೋಡಿ, ಸಾಮಾನ್ಯವಾಗಿ ಟರ್ಬೊ, ಅಂದ್ರೆ ಸಿಪಿಯು ತಾನಾಗಿ ವೇಗ ಏರಿಸಿಕೊಳ್ಳೋದು, ನಿಲ್ಲುತ್ತೆ. ಹಾಸಿಗೆ ಮೇಲಂತೂ ಇಡಲೇಬೇಡಿ.